ಗೀಸರ್ ಹೊಸದು, ಗೋಡೆಯ ವೈರು ಯಾವ ಕಾಲದ್ದು?

ಮಾನ್ಯ ಸಂಪಾದಕರೇ,

ಹಬ್ಬದ ಸೀಸನ್ ಬಂತೆಂದರೆ ಪತ್ರಿಕೆ ತುಂಬ ಗೀಸರ್ ಜಾಹೀರಾತು, ಜೊತೆಗೆ ‘ಉಚಿತ ಅಳವಡಿಕೆ’. ಹೊಸ ಅಪಾರ್ಟ್‌ಮೆಂಟ್‌ಗೆ ಅದು ಸರಿ. ನಮ್ಮ ಮೈಸೂರಿನ ಕೃಷ್ಣಮೂರ್ತಿಪುರಂ, ಚಾಮುಂಡಿಪುರಂ, ಅಗ್ರಹಾರದ ಹೆಂಚಿನ ಮನೆಗಳಲ್ಲಿ, ಮದ್ರಾಸ್ ತಾರಸಿ ಮನೆಗಳಲ್ಲಿ ಈ ಕೆಲಸ ಹೇಗೆ ನಡೆಯುತ್ತಿದೆ ಅಂತ ಯಾರೂ ನೋಡುತ್ತಿಲ್ಲ. ಅದಕ್ಕೇ ಈ ಪತ್ರ.

ನಮ್ಮದು ಮಾವನವರು ಕಟ್ಟಿಸಿದ ಮನೆ. ಬಚ್ಚಲುಮನೆ ಹಿತ್ತಲಲ್ಲಿದೆ. ಅದರ ಹೊರಗೆ ತಗಡಿನ ಚಾವಣಿ ಕೆಳಗೆ ತಾಮ್ರದ ಬಾಯ್ಲರ್. ನಡುವೆ ಕೊಳವೆ, ಕೆಳಗಿನಿಂದ ಬೆಂಕಿ, ಸುತ್ತ ನೀರು. ಹಿತ್ತಲಿನ ತೆಂಗಿನ ಮರದ ಮಟ್ಟೆ, ಕರಟ ಹಾಕಿದರೆ ಇಡೀ ಮನೆಯವರ ಸ್ನಾನ ಮುಗಿದರೂ ನೀರು ಬಿಸಿ ಇರುತ್ತಿತ್ತು. ಆದರೆ ಪಕ್ಕದಲ್ಲಿ ಮೂರಂತಸ್ತಿನ ಮನೆ ಎದ್ದ ಮೇಲೆ ಹೊಗೆ ನೇರ ಅವರ ಮಲಗುವ ಕೋಣೆಗೆ ಹೋಗತೊಡಗಿತು. ಅವರು ಬಂದು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮತ್ತೆಗೂ ಉಬ್ಬಸ. ಬಿಸಿನೀರಿಗೆ ಬೇರೆ ದಾರಿ ನೋಡಲೇಬೇಕಾಯಿತು.

ಸೋಲಾರ್ ಹಾಕಿಸಿ ಅಂದವರು ಬಹಳ ಜನ. 200 ಲೀಟರ್ ಟ್ಯಾಂಕಿನಲ್ಲಿ ನೀರಿನದೇ 200 ಕೆಜಿ ಭಾರ. ಅದಕ್ಕಿಂತ ಎತ್ತರದಲ್ಲಿ ತಣ್ಣೀರಿನ ಟ್ಯಾಂಕೂ ಇರಬೇಕು. ಹೆಂಚಿನ ಮಾಡು ಅದನ್ನೆಲ್ಲ ಎಲ್ಲಿ ಹೊತ್ತೀತು? ಬಿಟ್ಟೆವು.

ಅಂಗಡಿಯವರು ಮೊದಲು ತೋರಿಸಿದ್ದು ಗ್ಯಾಸ್ ಗೀಸರ್. ಕರೆಂಟಿನ ಗೊಡವೆಯೇ ಇಲ್ಲ ಅಂದರು. ಎಲ್ಲಿ ಹಾಕ್ತೀರಿ ಅಂತ ಕೇಳಿದೆ. ‘ಬಚ್ಚಲೊಳಗೇ ಮೇಡಂ, ಎಲ್ಲರೂ ಹಾಗೇ ಹಾಕಿಸ್ತಾರೆ.’ ನಮ್ಮ ಬಚ್ಚಲಿಗೆ ಕಿಟಕಿ ಇಲ್ಲ, ಬೆಳಕಿಗೆ ಒಂದು ಗಾಜಿನ ಹೆಂಚು ಅಷ್ಟೆ. ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದರೆ ಆಮ್ಲಜನಕ ಕಮ್ಮಿಯಾಗುತ್ತದೆ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅಡುಗೆ ಗ್ಯಾಸ್ ಸೋರಿದರೆ ಮೂಗಿಗಾದರೂ ಗೊತ್ತಾಗುತ್ತದೆ, ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಇರುವುದಿಲ್ಲ. ಬಚ್ಚಲಲ್ಲಿ ಹೀಗೆ ಸತ್ತವರ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಓದಿದ್ದೇವೆ, ಅಲ್ವಾ? ಹೊರಗೆ ಗಾಳಿಯಾಡುವ ಕಡೆ ಗೀಸರ್ ಇಟ್ಟು ಪೈಪ್ ಎಳೆಯಿರಿ ಅಂದರೆ, ಅದು ಉಚಿತದಲ್ಲಿ ಬರಲ್ಲ ಅಂದರು. ಹಾಗಾಗಿ ಕರೆಂಟಿನ 25 ಲೀಟರ್ ಗೀಸರನ್ನೇ ತಗೊಂಡೆವು.

ಅದನ್ನು ಹಾಕಲು ಬಂದ ಹುಡುಗ ಒಳ್ಳೆಯವನೇ, ಕೆಲಸದಲ್ಲೂ ಚುರುಕು. ಬಚ್ಚಲ ದೀಪದ ಸ್ವಿಚ್ಚಿನ ಪಕ್ಕದ ಸಣ್ಣ ಸಾಕೆಟ್ ನೋಡಿ ಬ್ಯಾಗಿನಿಂದ ಕನ್ವರ್ಟರ್ ಪ್ಲಗ್ ತೆಗೆದ. ‘ಇದರಲ್ಲೇ ಅಡ್ಜಸ್ಟ್ ಆಗುತ್ತೆ ಅಮ್ಮ’ ಅಂದ. ಆ ಸಾಕೆಟ್ಟು 6 ಆಂಪಿನದು. ಗೀಸರ್ 2,000 ವ್ಯಾಟ್, ಹತ್ತಿರ ಹತ್ತಿರ 9 ಆಂಪ್ ಎಳೆಯುತ್ತದೆ. ಹಿಂದಿರುವುದು ಮರದ ಪಟ್ಟಿಯ ಮೇಲೆ ಓಡಿದ ತೆಳು ವೈರು, ಒಂದು ಬಲ್ಬಿಗೆ ಅಂತ ಎಳೆದದ್ದು. ‘ಅರ್ಥಿಂಗ್ ಇದೆಯಾ ಅಂತ ನೋಡಿದೆಯೇನಪ್ಪಾ?’ ಅಂದೆ. ‘ಮೂರು ತೂತು ಇದೆಯಲ್ಲಮ್ಮ, ಇರುತ್ತೆ’ ಅಂದ. ಅವನಿಗೆ ಆವತ್ತು ಇನ್ನೂ ನಾಲ್ಕೈದು ಮನೆ ಇದ್ದವು. ಅವನನ್ನು ಬೈದು ಏನು ಪ್ರಯೋಜನ?

ಕೆಲಸ ನಿಲ್ಲಿಸಿ, ನಮ್ಮ ಬೀದಿಯಲ್ಲೇ ಇರುವ ನಿವೃತ್ತ ಲೈನ್‌ಮನ್ ಒಬ್ಬರನ್ನು ಕರೆಸಿದೆ. ಅವರು ಹೋಲ್ಡರಿಗೆ ಎರಡು ವೈರು ಕಟ್ಟಿದ ಬಲ್ಬ್ ಹಿಡಿದು ಬಂದರು. ಫೇಸಿಗೂ ನ್ಯೂಟ್ರಲಿಗೂ ಕೊಟ್ಟಾಗ ಬಲ್ಬ್ ಝಗ್ ಅಂತ ಉರಿಯಿತು. ಅದೇ ಫೇಸಿಗೂ ಮೇಲಿನ ದೊಡ್ಡ ತೂತಿಗೂ ಕೊಟ್ಟರು. ಮಿಣುಕಲೂ ಇಲ್ಲ. ಅರ್ಥ್ ಸತ್ತಿತ್ತು, ಅಂದರೆ ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ದಾರಿಯೇ ಇರಲಿಲ್ಲ.

ಯಾಕೆ ಸತ್ತಿತ್ತು ಅನ್ನುವುದನ್ನು ಹಳೇ ಮನೆಯವರೆಲ್ಲ ಕೇಳಬೇಕು. ಆ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಅರ್ಥ್ ವೈರನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತಿ ಬಿಡುತ್ತಿದ್ದರು. ಪೈಪ್ ಮಣ್ಣೊಳಗೆ ದೂರದವರೆಗೆ ಹೋಗಿರುತ್ತಿದ್ದುದರಿಂದ ಕೆಲಸ ನಡೆಯುತ್ತಿತ್ತು. ಆಮೇಲೆ ತುಕ್ಕು ಹಿಡಿದ ಪೈಪ್ ಕಿತ್ತು ಪ್ಲಾಸ್ಟಿಕ್ ಹಾಕಿಸಿದೆವು. ನೀರು ಚೆನ್ನಾಗಿ ಬಂತು, ಎಲ್ಲರಿಗೂ ಖುಷಿ. ಅರ್ಥ್ ಹೋಯಿತು ಅಂತ ಪ್ಲಂಬರಿಗೂ ಹೊಳೆಯಲಿಲ್ಲ, ಎಲೆಕ್ಟ್ರಿಷಿಯನ್‌ಗೂ ಹೊಳೆಯಲಿಲ್ಲ. ನಮ್ಮ ಸೀಬೆ ಗಿಡದ ಬುಡದಲ್ಲಿ ಒಂದು ಗೇಣು ಹಳೇ ಪೈಪು, ಅದಕ್ಕೆ ಸುತ್ತಿದ ತಂತಿ ಈಗಲೂ ಇವೆ. ಪೈಪಿನ ಎರಡೂ ತುದಿಗೆ ಪಿವಿಸಿ ಸಿಕ್ಕಿಸಿದ್ದಾರೆ. ಲೈನ್‌ಮನ್ ಅದನ್ನು ನೋಡಿ ನಕ್ಕರು. ‘ಅಕ್ಕಾವ್ರೇ, ಇದು ಜನಿವಾರ ಇದ್ದಂಗೆ, ಕಾಣಕ್ಕೆ ಮಾತ್ರ’ ಅಂದರು. ಅವರ ಬಾಯಿ ಸ್ವಲ್ಪ ಹಾಗೇ!

ಗೀಸರಿನ ಕಾಯಿಲ್ ಎಂದೋ ಒಂದು ದಿನ ಬಿರುಕು ಬಿಡುತ್ತದೆ. ನಮ್ಮಲ್ಲಿ ಎಷ್ಟೋ ಕಡೆ ಬೋರ್‌ವೆಲ್ ನೀರು, ಸುಣ್ಣ ಕಟ್ಟಿಕೊಂಡು ಅದು ಇನ್ನೂ ಬೇಗ ಹಾಳಾಗುತ್ತದೆ. ಆಗ ಕರೆಂಟು ಟ್ಯಾಂಕಿಗೆ, ನೀರಿಗೆ, ನಲ್ಲಿಗೆ ಬರುತ್ತದೆ. ಅರ್ಥ್ ಸರಿ ಇದ್ದರೆ ಅದು ಮಣ್ಣಿಗೆ ಇಳಿಯುತ್ತದೆ, ಸೋರಿಕೆ ಜೋರಾಗಿದ್ದರೆ ಫ್ಯೂಸೂ ಹಾರುತ್ತದೆ. ಇಲ್ಲದಿದ್ದರೆ ಒದ್ದೆ ಕಾಲಲ್ಲಿ ನಿಂತವರ ಮೈಯೇ ಅದಕ್ಕೆ ದಾರಿ.

ಕೊನೆಗೆ ಏನು ಮಾಡಿಸಿದೆವು ಅಂದರೆ, ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿ ಹೊಸ ಅರ್ಥ್ ಪೈಪ್ ಇಳಿಸಿದೆವು. ಮೀಟರ್ ಬೋರ್ಡಿನಿಂದ ಬಚ್ಚಲಿಗೆ ದಪ್ಪ ತಾಮ್ರದ ವೈರಿನ ಬೇರೆಯದೇ ಲೈನ್, 16 ಆಂಪಿನ ಸಾಕೆಟ್. ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ. ಸ್ವಲ್ಪ ಕರೆಂಟ್ ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಟ್ ಮಾಡುವ ಸ್ವಿಚ್ ಇದು. ಗೋಡೆಯದು ಇನ್ನೊಂದು ಫಜೀತಿ. ಸುಣ್ಣದ ಗಾರೆಯಲ್ಲಿ ಡ್ರಿಲ್ ಇಟ್ಟರೆ ಹಿಟ್ಟಿನಂತೆ ಉದುರುತ್ತದೆ. ನೀರು ತುಂಬಿದ ಗೀಸರ್ 30 ಕೆಜಿಗೂ ಜಾಸ್ತಿ ತೂಗುತ್ತದೆ, ಹುಡುಗ ತಂದ ಎರಡು ಬೋಲ್ಟು ಅಲ್ಲಿ ನಿಲ್ಲುವುದಿಲ್ಲ. ಗೋಡೆಯ ಆಚೆ ಬದಿಗೆ ಬೋಲ್ಟ್ ತೂರಿಸಿ, ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಸಿದೆವು. ಹಾಂ, ಸೇಫ್ಟಿ ವಾಲ್ವ್‌ನಿಂದ ನೀರು ಹನಿಯುತ್ತದೆ ಅಂತ ಅದಕ್ಕೆ ಬಟ್ಟೆಯೋ ಎಂಸೀಲೋ ತುರುಕುವವರನ್ನೂ ಕಂಡಿದ್ದೇನೆ. ನೀರು ಕಾದಾಗ ಹಿಗ್ಗುತ್ತದೆ, ಒತ್ತಡ ಹೋಗಲು ಆ ತೂತು ಬೇಕೇ ಬೇಕು.

ಇದಕ್ಕೆಲ್ಲ ಗೀಸರಿನ ಬೆಲೆಯ ಹತ್ತಿರಕ್ಕೆ ಖರ್ಚು ಬಂತು. ನಮಗೆ ಹೇಗೋ ಆಯಿತು, ಎಲ್ಲರಿಗೂ ಆಗುವುದಿಲ್ಲ. ಅದರ ಮೇಲೆ ಸೌದೆಯಿಂದ ಕರೆಂಟಿಗೆ ಬಂದವರಿಗೆ ಬಿಲ್ಲಿನ ಚಿಂತೆ ಬೇರೆ. ದಿನಕ್ಕೆ ಒಂದು ಗಂಟೆ ಉರಿಸಿದರೂ ತಿಂಗಳಿಗೆ 60 ಯೂನಿಟ್. ಗೃಹಜ್ಯೋತಿಯಲ್ಲಿ ಉಚಿತ ಯೂನಿಟ್ ಲೆಕ್ಕ ಹಾಕಿರುವುದು ಹಿಂದಿನ ಬಳಕೆಯ ಸರಾಸರಿ ನೋಡಿ. ಮೊದಲು ಕಮ್ಮಿ ಉರಿಸುತ್ತಿದ್ದವರು ಹೆಚ್ಚಿನದಕ್ಕೆ ದುಡ್ಡು ಕಟ್ಟಬೇಕು. ಈ ಲೆಕ್ಕ ನೋಡಿಯೇ ಎಷ್ಟೋ ಜನ ಬಚ್ಚಲೊಳಗೆ ಗ್ಯಾಸ್ ಗೀಸರ್ ಹಾಕಿಸಿಕೊಳ್ಳುತ್ತಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಗೀಸರ್ ಮಾರುವವರು ಅಳವಡಿಸುವ ಮೊದಲು ಅರ್ಥ್, ಸಾಕೆಟ್, ಗಾಳಿಕಿಂಡಿ ಮೂರನ್ನೂ ನೋಡಿ, ನೋಡಿದ್ದೇವೆ ಅಂತ ಬಿಲ್ಲಿನ ಮೇಲೆ ಬರೆದು ಸಹಿ ಹಾಕಲಿ. ಸರಿ ಇಲ್ಲದಿದ್ದರೆ ಹಾಕಲ್ಲ ಅಂತ ವಾಪಸ್ ಹೋಗುವ ಅಧಿಕಾರ ಆ ಹುಡುಗನಿಗೆ ಇರಲಿ. ಹಾಗೆ ಹೋದರೆ ಅವನ ಆ ದಿನದ ಸಂಬಳ ಕಡಿಯಬಾರದು. ಹಳೇ ಮನೆಗಳ ಅರ್ಥಿಂಗ್ ಪರೀಕ್ಷೆಗೆ ವಿದ್ಯುತ್ ನಿಗಮದವರು ವಾರ್ಡಿಗೊಂದು ದಿನ ಗೊತ್ತು ಮಾಡಿದರೆ ಇನ್ನೂ ಒಳ್ಳೆಯದು. ಒಂದು ಬಲ್ಬು, ಎರಡು ವೈರು, ತಿಳಿದವರೊಬ್ಬರು ಇದ್ದರೆ ಐದು ನಿಮಿಷದ ಕೆಲಸ. ಸುಮ್ನೆ ಓದಿಕೊಂಡು ನಾವೇ ಕೈ ಹಾಕುವಂಥದ್ದಲ್ಲ.

ನಮ್ಮ ಬಡಾವಣೆಯಲ್ಲಿ ಹಳೇ ಮನೆಗಳ ಔಟ್‌ಹೌಸಿನಲ್ಲಿ ಓದುವ ಹುಡುಗರು ಬಾಡಿಗೆಗೆ ಇದ್ದಾರೆ. ಗೀಸರ್ ಓನರ್ ಹಾಕಿಸಿದ್ದು, ಹುಡುಗರು ಕೇಳಲು ಅಂಜುತ್ತಾರೆ. ಅವರ ಅಪ್ಪ ಅಮ್ಮಂದಿರು ಅಡ್ವಾನ್ಸ್ ಕೊಡುವ ಮುಂಚೆ ಬಚ್ಚಲ ಬಾಗಿಲು ತೆಗೆದು ನೋಡಲಿ. ಒಳಗೆ ಗ್ಯಾಸ್ ಗೀಸರ್ ಇದ್ದರೆ ಹೊರಗೆ ಹಾಕಿಸಿಕೊಡಿ ಅಂತ ಓನರಿಗೆ ಅಲ್ಲೇ ಹೇಳಲಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಕೃಷ್ಣಮೂರ್ತಿಪುರಂ, ಮೈಸೂರು