ಎಲ್ಲಿಯೋ ಸಹಿ ಹಾಕಿದ ಆ ಮನೆಯವರಿಗೆ

ಕಳೆದ ಸೋಮವಾರ ನಮ್ಮ ಯಜಮಾನರು ತಿಪಟೂರಿನ ಕೊಬ್ಬರಿ ಮಂಡಿಗೆ ಹೋಗಿ, ತಮ್ಮ ಹಳೇ ಜಾಗದಲ್ಲಿ ಕೂತು ಲೆಕ್ಕ ಬರೆದು ಬಂದರು. ಅರ್ಧ ದಿನ ಅಷ್ಟೇ. ಬಲಗೈ ಬೇಗ ಸೋಲುತ್ತೆ, ಅಂಕಿ ಸೊಟ್ಟಗೆ ಬೀಳುತ್ತೆ. ಆದರೂ ಪುಟದ ಕೊನೆಯ ಮೊತ್ತ ಸರಿಯಾಗಿತ್ತು ಅಂತ ಸಾಹುಕಾರರೇ ಫೋನ್ ಮಾಡಿ ಹೇಳಿದರು. ಹೋದ ವರ್ಷ ಆಷಾಢದಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೆ ಈ ಮಾತು ಕೇಳುತ್ತೇನೆ ಅಂತ ನಾನು ಅಂದುಕೊಂಡಿರಲಿಲ್ಲ.

ಮೊದಲು ಎದುರಿಗೆ ಸಿಕ್ಕವರಿಗೆ ಕೈಮುಗಿಯುತ್ತೇನೆ. ಹಾಸನ ರಸ್ತೆಯಲ್ಲಿ ಬೈಕ್ ಜಾರಿ ಬಿದ್ದಿದ್ದವರನ್ನು ಕಂಡು ಗಾಡಿ ನಿಲ್ಲಿಸಿ, ಕತ್ತು ಅಲ್ಲಾಡದಂತೆ ಹಿಡಿದುಕೊಂಡು 108 ಬರುವವರೆಗೂ ಕೂತಿದ್ದ ಟೆಂಪೋ ಚಾಲಕರಿಗೆ. ಎರಡು ತಿಂಗಳು ನನ್ನ ಮಕ್ಕಳಿಗೆ ಊಟ ಹಾಕಿದ ಪಕ್ಕದ ಮನೆಯ ಅಕ್ಕನಿಗೆ. ಸಂಬಳ ನಿಲ್ಲಿಸದ ಸಾಹುಕಾರರಿಗೆ. ನನ್ನ ತರಗತಿಯನ್ನೂ ತಾವೇ ನೋಡಿಕೊಂಡ ಶಾಲೆಯ ಟೀಚರುಗಳಿಗೆ. ಹೆಲ್ಮೆಟ್ ಟ್ಯಾಂಕಿನ ಮೇಲಿತ್ತು, ತಲೆಯ ಮೇಲಿರಲಿಲ್ಲ. ಇದನ್ನು ಬರೆಯುವುದು ಕಷ್ಟ, ಆದರೆ ಮುಚ್ಚಿಡುವುದಿಲ್ಲ.

ಇವರೆಲ್ಲರಿಗೂ ಮನೆಗೆ ಹೋಗಿ ಹೇಳಬಹುದು. ಈ ಬರಹ ಇನ್ನೊಂದು ಗುಂಪಿಗೆ: ತಲೆಪೆಟ್ಟಿನ ಔಷಧಿಗಳ ಪರೀಕ್ಷೆಗೆ ಒಳಗಾದ ಗಾಯಾಳುಗಳಿಗೆ, ಅದಕ್ಕೆ ಒಪ್ಪಿ ಸಹಿ ಹಾಕಿದ ಅವರ ಮನೆಯವರಿಗೆ. ಅವರ ಹೆಸರು ನನಗೆ ಗೊತ್ತಿಲ್ಲ, ಅವರಲ್ಲಿ ಎಷ್ಟೋ ಜನ ಈಗ ಇಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರು ಇವರ ಕಣ್ಣು, ಮಾತು, ಕೈಕಾಲಿನ ಚಲನೆ ಮೂರನ್ನೂ ನೋಡಿ ಅಂಕ ಹಾಕಿದರು: 15ಕ್ಕೆ 10. ಈ ಲೆಕ್ಕವನ್ನು 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಕೊಟ್ಟರಂತೆ. ಎಚ್ಚರವೇ ಇಲ್ಲದವರಿಗೂ 3 ಸಿಗುತ್ತದೆ, ಸೊನ್ನೆ ಇಲ್ಲ. ಅಂಕ ಹಾಕುವುದೇ ನನ್ನ ಕೆಲಸ. ಆ ಹತ್ತನ್ನು ಎದೆಗೆ ಅವಚಿಕೊಂಡೇ ಬೆಂಗಳೂರಿನವರೆಗೂ ಆಂಬುಲೆನ್ಸಿನಲ್ಲಿ ಕೂತಿದ್ದೆ. ಹೊರಡುವ ಮುಂಚೆ ಸಿಸ್ಟರ್ ಒಂದು ಇಂಜೆಕ್ಷನ್ ಕೊಟ್ಟು, ಅದನ್ನೇ ಡ್ರಿಪ್ಪಿಗೂ ಸೇರಿಸಿದರು. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್. "ಮೂರು ಗಂಟೆಯೊಳಗೆ ಹೋಗ್ಬೇಕಮ್ಮ ಇದು, ಆಮೇಲೆ ಕೊಟ್ರೆ ಪ್ರಯೋಜನ ಇಲ್ಲ" ಅಂದರು.

ಬೆಂಗಳೂರು ತಲುಪುವಷ್ಟರಲ್ಲಿ ಪ್ರಜ್ಞೆ ತಪ್ಪಿತ್ತು. ಎಡಗಡೆ ಮೆದುಳು ಜಜ್ಜಿ ಊದಿಕೊಂಡಿತ್ತು. ನಮ್ಮೂರಿನವರಿಗೆ ಇದನ್ನು ಹೀಗೆ ಹೇಳುತ್ತೇನೆ. ಅಟ್ಟದ ಮೇಲೆ ಒಣಗಿದ ಕಾಯಿಯಲ್ಲಿ ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅನ್ನುತ್ತದಲ್ಲ, ಇದು ಅದಕ್ಕೆ ಪೂರ್ತಿ ತಿರುಗು. ಒಳಗಿನದು ಉಬ್ಬುತ್ತದೆ, ಚಿಪ್ಪು ಹಿಗ್ಗುವುದಿಲ್ಲ. ಒತ್ತಡ ಏರಿದಂತೆ ರಕ್ತ ಒಳಗೆ ಹೋಗಲಾರದೆ, ಪೆಟ್ಟಾಗದೆ ಉಳಿದ ಭಾಗವೂ ಸಾಯತೊಡಗುತ್ತದೆ.

ನನ್ನ ತಮ್ಮ ರೇಗಿಬಿಟ್ಟ: "ಊತ ಇಳಿಸೋಕೆ ಸ್ಟೀರಾಯ್ಡ್ ಯಾಕೆ ಕೊಡ್ತಿಲ್ಲ ಡಾಕ್ಟ್ರೇ? ಕೋವಿಡ್‌ನಲ್ಲಿ ಕೊಟ್ರಲ್ಲ!" ರಾತ್ರಿ ಪಾಳಿಯ ಚಿಕ್ಕ ವಯಸ್ಸಿನ ಡಾಕ್ಟರು ನಿಂತು ಉತ್ತರ ಕೊಟ್ಟರು. ಮೂವತ್ತು ವರ್ಷ ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಕೊಡುತ್ತಿದ್ದರಂತೆ, ಒಳ್ಳೆಯದಾಗುತ್ತದೆ ಅಂತ ನಂಬಿಕೊಂಡೇ. ಆಮೇಲೆ ಕ್ರ್ಯಾಶ್ ಎಂಬ ಹೆಸರಿನಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. 10,008 ಗಾಯಾಳುಗಳು, ಅರ್ಧ ಜನಕ್ಕೆ ಸ್ಟೀರಾಯ್ಡ್, ಅರ್ಧ ಜನಕ್ಕೆ ಔಷಧಿಯಿಲ್ಲದ ಡ್ರಿಪ್. 2004ರಲ್ಲಿ ಲೆಕ್ಕ ಹೊರಬಂತು. ಎರಡು ವಾರದೊಳಗೆ ತೀರಿಕೊಂಡವರು ಡ್ರಿಪ್ಪಿನ ಗುಂಪಿನಲ್ಲಿ ನೂರಕ್ಕೆ 18, ಸ್ಟೀರಾಯ್ಡಿನ ಗುಂಪಿನಲ್ಲಿ 21. ಇಪ್ಪತ್ತು ಸಾವಿರ ಜನರನ್ನು ಸೇರಿಸಬೇಕಿದ್ದ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು.

ನೂರಕ್ಕೆ ಮೂರು ಜನ. ಆ ಮೂವರಲ್ಲಿ ಒಬ್ಬರು ನಮ್ಮ ಮನೆಯವರಾಗಬಹುದಿತ್ತು. ಆಗಲಿಲ್ಲ, ಏಕೆಂದರೆ ಯಾರದೋ ಮನೆಯವರು ಆಗಲೇ ಆಗಿದ್ದರು. ಐಸಿಯು ಹೊರಗೆ ಚಾಪೆ ಹಾಸಿಕೊಂಡು ಕೂತ ಎಷ್ಟೋ ರಾತ್ರಿ ನಾನು ಆ ಹೆಂಡತಿಯರನ್ನು, ಅಮ್ಮಂದಿರನ್ನು ನೆನೆದೆ. ನಾನು ಕೂತ ಹಾಗೇ ಕೂತು, ಪೂರ್ತಿ ಅರ್ಥವಾಗದ ಕಾಗದಕ್ಕೆ ಸಹಿ ಹಾಕಿದವರು. ಎಷ್ಟೋ ಗಾಯಾಳುಗಳ ಪಕ್ಕದಲ್ಲಿ ಸಹಿ ಹಾಕುವವರೂ ಇದ್ದಿರಲಿಕ್ಕಿಲ್ಲ.

ಆ ಮೂರು ಗಂಟೆಯ ಇಂಜೆಕ್ಷನ್ನಿಗೂ ಹೀಗೇ ಒಂದು ಕಥೆ ಇದೆ. ಆ ಔಷಧಿಯನ್ನು 1960ರ ದಶಕದ ಆರಂಭದಲ್ಲಿ ಕಂಡುಹಿಡಿದವರು ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಗಂಡ. ಬಾಣಂತಿಯರು ರಕ್ತಸ್ರಾವದಿಂದ ಸಾಯುವುದನ್ನು ನಿಲ್ಲಿಸಬೇಕು ಅನ್ನುವುದು ಆಕೆಯ ಹಟ. ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರಂತೆ. ತಲೆಪೆಟ್ಟಿಗೆ ಅದು ಆಗುತ್ತದೆಯೇ ಎಂದು ಸುಮಾರು 12,700 ಗಾಯಾಳುಗಳ ಮೇಲೆ ನೋಡಿದ ಫಲಿತಾಂಶ 2019ರಲ್ಲಿ ಬಂತು: ಬೇಗ ಕೊಟ್ಟರೆ, ಪೆಟ್ಟು ಸಾಧಾರಣದಿಂದ ಮಧ್ಯಮ ಮಟ್ಟದ್ದಾಗಿದ್ದರೆ, ಪ್ರಾಣ ಉಳಿಸಬಲ್ಲದು, ತೀರಾ ಗಂಭೀರವಾದವರಲ್ಲಿ ಅಂಥ ಲಾಭ ಕಾಣಲಿಲ್ಲ. ಉತಾಕೊ ಅಮ್ಮ 2016ರಲ್ಲೇ ತೀರಿಕೊಂಡಿದ್ದರು. ನಮ್ಮ ದೇವರ ಗೂಡಿನ ಮುಂದೆ ಈಗ ಅವರ ಹೆಸರನ್ನೂ ಹೇಳಿಕೊಳ್ಳುತ್ತೇನೆ.

ಔಷಧಿಗೆ ಒತ್ತಡ ಇಳಿಯಲಿಲ್ಲ. ಬುರುಡೆಯ ಒಂದು ಭಾಗ ತೆಗೆಯಬೇಕು ಅಂದರು. ಹಿರಿಯ ಡಾಕ್ಟರು ಎದುರು ಕೂರಿಸಿಕೊಂಡು ಹೇಳಿದ ಮಾತು: "ಜೀವ ಉಳಿಯೋ ಸಾಧ್ಯತೆ ಹೆಚ್ಚುತ್ತೆ ಅಂತ ಹೇಳಬಲ್ಲೆ. ಮೊದಲಿನ ಹಾಗೇ ಆಗ್ತಾರೆ ಅಂತ ಹೇಳಲಾರೆ. ಹಾಸಿಗೆ ಹಿಡಿದವರ ಸಂಖ್ಯೆಯೂ ಹೆಚ್ಚಿದೆ." 2016ರಲ್ಲಿ ಬಂದ 408 ಜನರ ಅಧ್ಯಯನದಲ್ಲಿ ಇರುವುದೂ ಅದೇ ಎಂದು ಆಮೇಲೆ ತಿಳಿಯಿತು. ಸುಳ್ಳು ಧೈರ್ಯ ಹೇಳದಿದ್ದುದಕ್ಕೆ ಆ ಡಾಕ್ಟರಿಗೆ ನಾನು ಸಾಯುವವರೆಗೂ ಋಣಿ. ಸಹಿ ಹಾಕಿದೆ. ತೆಗೆದ ಮೂಳೆಯನ್ನು ಇವರ ಹೊಟ್ಟೆಯ ಚರ್ಮದಡಿಯಲ್ಲೇ ಇಟ್ಟು ಹೊಲಿದರು. ಮೂರು ತಿಂಗಳ ಮೇಲೆ ತೆಗೆದು ತಲೆಗೆ ಕೂರಿಸಿದರು.

ಮಾತು ಬಂದಿದ್ದು ತುಂಬಾ ನಿಧಾನಕ್ಕೆ. ತೋರಿಸಿದ್ದೆಲ್ಲ ಗೊತ್ತಾಗುತ್ತಿತ್ತು, ಹೆಸರು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಲೋಟ ತೋರಿಸಿದರೆ "ಅದು... ನೀರಿನ ಅದು" ಅಂತ ಅಳುತ್ತಿದ್ದರು. ಸ್ಪೀಚ್ ಥೆರಪಿಯ ಹುಡುಗಿ ಪದದ ಮೊದಲಕ್ಷರ ಕೊಟ್ಟು ಉಳಿದದ್ದಕ್ಕೆ ಕಾಯುವುದನ್ನು ನನಗೆ ಕಲಿಸಿದಳು. ಕಾಯುವುದೇ ಕಷ್ಟ. ಮೂವತ್ತು ಮಕ್ಕಳ ತರಗತಿಯಲ್ಲಿ ನಾನು ಯಾರಿಗೂ ಅಷ್ಟು ಹೊತ್ತು ಕಾದವಳಲ್ಲ, ಈಗ ಕಾಯುತ್ತೇನೆ.

ಬಿಡುಗಡೆಗೆ ಮುಂಚೆ, ರೋಗಿಗಳು ಹೇಗೆ ಚೇತರಿಸಿಕೊಳ್ಳುತ್ತಾರೆ ಎಂದು ದಾಖಲಿಸುವ ಅಧ್ಯಯನಕ್ಕೆ ಸೇರುತ್ತೀರಾ ಅಂತ ಕೇಳಿದರು. ಹೊಸ ಔಷಧಿ ಏನಿಲ್ಲ, ಫೋನಿನಲ್ಲಿ ಪ್ರಶ್ನೆ ಅಷ್ಟೇ. ತಮ್ಮ ಬೇಡ ಅಂದ. ಆ ಹತ್ತು ಸಾವಿರ ಮನೆಯವರ ನೆನಪಾಗಿ ನಾನು ಸಹಿ ಹಾಕಿದೆ.

ಆರನೇ ತಿಂಗಳಿಗೆ ಫೋನ್ ಬಂದಾಗ ನಾನೇ ಮಾತಾಡಿದ್ದೆ. ಒಬ್ಬರೇ ಮನೇಲಿ ಒಂದು ದಿನ ಇರಬಲ್ಲರಾ? ಅಂಗಡಿಗೆ ಹೋಗಿ ಸಾಮಾನು ತರಬಲ್ಲರಾ? ಬಸ್ಸಿನಲ್ಲಿ ಓಡಾಡಬಲ್ಲರಾ? ಕೆಲಸಕ್ಕೆ ಹೋಗ್ತಿದಾರಾ? ನಾಲ್ಕಕ್ಕೂ ಇಲ್ಲ ಅಂದೆ.

ಗುರುವಾರ ಮತ್ತೆ ಫೋನ್ ಬಂತು. ನಾನು ಅಡುಗೆಮನೆಯಿಂದ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಇವರೇ ಎತ್ತಿಕೊಂಡು, ನನ್ನತ್ತ ಕೈ ಮಾಡಿ ನಿಲ್ಲಿಸಿದರು. ಬಸ್ಸಿನ ಪ್ರಶ್ನೆ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಮೊದಲಕ್ಷರ ಹೇಳಿಕೊಡಲಿಲ್ಲ, ಕಾದೆ. "ಮಂಡಿಗೆ... ಬಸ್ಸಲ್ಲೇ ಹೋಗಿದ್ದೆ ಮೇಡಂ" ಅಂದರು.