ವೃದ್ಧರ ಆರೈಕೆಗೆ ನರ್ಸ್‌ಗಳು ಸಾಲರು

ಸೊಂಟದ ಮೂಳೆ ಮುರಿದು ಮಲಗಿದ ವೃದ್ಧರಿಗೆ ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸದಿದ್ದರೆ ಬೆನ್ನು, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಮೊದಲ ಸೂಚನೆ, ಒತ್ತಿದರೂ ಮಾಸದ ಕೆಂಪು ಕಲೆ. ನಮ್ಮ ಕಪ್ಪು ಮೈಬಣ್ಣದಲ್ಲಿ ಅದು ಕಣ್ಣಿಗೆ ಬೀಳುವುದೇ ಕಷ್ಟ. ನರ್ಸ್ ಕೈಯಿಂದ ಮುಟ್ಟಿ, ಬಿಸಿ, ಗಡಸುತನ ನೋಡಬೇಕು. ರಾತ್ರಿ ಇದ್ದಕ್ಕಿದ್ದಂತೆ ಬಡಬಡಿಸುವ ಅಜ್ಜನಿಗೆ ಅರಳುಮರಳು ಎಂದು ಕೈ ಕಟ್ಟಿಹಾಕುವುದು ಅನ್ಯಾಯ. ಕನ್ನಡಕ, ಶ್ರವಣಯಂತ್ರ ಹಾಕಿ ಮಾತನಾಡಿಸಬೇಕು, ಸೋಂಕು, ನೋವು, ಔಷಧಿಯ ಅಡ್ಡಪರಿಣಾಮ ಇದೆಯೇ ಎಂದು ವೈದ್ಯರಿಗೆ ತಿಳಿಸಬೇಕು. ಮೂತ್ರ ಹೋಗಲು ಹಾಕಿದ ನಳಿಕೆ (ಕ್ಯಾಥೆಟರ್) ಬೇಡವಾಗಿದ್ದರೆ ತೆಗೆಸಬೇಕು.

ಇದಕ್ಕೆಲ್ಲ ಜನ ಎಲ್ಲಿದ್ದಾರೆ? ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬರ ತಲೆಗೆ ಕಟ್ಟಿದರೆ ಎಷ್ಟೇ ಕಾಳಜಿಯಿದ್ದರೂ ಸಾಲದು. ಖಾಲಿ ಹುದ್ದೆಗಳನ್ನು ಸರ್ಕಾರ ಕೂಡಲೇ ತುಂಬಲಿ.