ಮಗಳಿಗೊಂದು ಪತ್ರ: ಸಹಾರಾದ ಗಿಟಾರು ಕೇಳುವ ಬಗೆ

ಪುಟ್ಟಿ,

ಸಹಾರಾ ಮರುಭೂಮಿಯ ತುವಾರೆಗ್ ಜನರ ಗಿಟಾರು ತಂಡ ತಿನಾರಿವೆನ್‌ನ ಹಾಡುಗಳೆಲ್ಲ ಒಂದೇ ಥರ ಕೇಳಿಸುತ್ತವೆ ಎಂದು ಬರೆದಿದ್ದೀಯ. ಮೊದಲು ಫೋನಿನ ಸ್ಪೀಕರ್ ಬಿಟ್ಟು ಹೆಡ್‌ಫೋನ್ ಹಾಕಿಕೋ. ಗಿಟಾರಿನ ದಪ್ಪ ತಂತಿಯ ನಾದ ಸುಮಾರು 82 ಹರ್ಟ್ಜ್. ಅಷ್ಟು ತಗ್ಗಿನ ನಾದ ಆ ಪುಟ್ಟ ಸ್ಪೀಕರಿನಿಂದ ಸರಿಯಾಗಿ ಹೊರಡುವುದೇ ಇಲ್ಲ. ಹೆಬ್ಬೆರಳು ಬಿಡದೆ ಮೀಟುವ ಆ ತಂತಿಯೇ ಇಲ್ಲಿ ತಂಬೂರಿ. ಅದು ಕಿವಿಗೆ ಬೀಳದಿದ್ದರೆ ಮೇಲಿನ ಸ್ವರಗಳು ಗೊತ್ತುಗುರಿಯಿಲ್ಲದೆ ಸುತ್ತಿದಂತೆ ಅನ್ನಿಸುತ್ತದೆ. ಇನ್ನೊಂದು, ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಬದಲಾಗಲಿ ಎಂದು ಕಾಯಬೇಡ. ಬಹುಪಾಲು ಹಾಡುಗಳಲ್ಲಿ ಅದು ಬದಲಾಗುವುದಿಲ್ಲ. ಅಮೆರಿಕದ ಬ್ಲೂಸ್ ಸಂಗೀತದಲ್ಲಿ ಹನ್ನೆರಡು ಬಾರಿಗೆ (ತಾಳದ ಆವರ್ತಕ್ಕೆ) ಕಾರ್ಡುಗಳು ಒಂದು ಸುತ್ತು ಬರುವ ಲೆಕ್ಕ ಇಲ್ಲಿ ನಡೆಯದು.

ಎಲ್ಲರೂ ಪ್ರಶಸ್ತಿ ಬಂದ ಆಲ್ಬಮ್ಮಿನಿಂದ ಶುರುಮಾಡು ಎನ್ನುತ್ತಾರೆ. ನಾನು ಹೇಳುವುದು, ಗಿಟಾರಿಗಿಂತ ಮೊದಲು ತೆಂದೆ ಎಂಬ ಚರ್ಮವಾದ್ಯ ಕೇಳು. ತುವಾರೆಗ್ ಹೆಂಗಸರು ಸಜ್ಜೆ ಕುಟ್ಟುವ ಮರದ ಒರಳಿನ ಬಾಯಿಗೆ ಮೇಕೆಯ ಚರ್ಮ ಬಿಗಿಯುತ್ತಾರೆ. ಎರಡು ಪಕ್ಕಕ್ಕೆ ಒನಕೆಯಂಥ ಉದ್ದನೆಯ ಕೋಲು ಕಟ್ಟಿ, ಅವುಗಳ ತುದಿಯಲ್ಲಿ ಹೆಂಗಸರು ಕೂರುತ್ತಾರೆ; ಅವರ ಭಾರಕ್ಕೆ ಚರ್ಮ ಬಿಗಿಯಾಗಿ ನಿಲ್ಲುತ್ತದೆ. ಒಣಗಿದರೆ ನೀರು ಚಿಮುಕಿಸುತ್ತಾರೆ. ಒಬ್ಬಳು ಬಾರಿಸುತ್ತಾಳೆ, ಒಬ್ಬಳು ಹಾಡುತ್ತಾಳೆ, ಸುತ್ತ ಕೂತವರು ಚಪ್ಪಾಳೆ ಹಾಕಿ ಸೊಲ್ಲು ಎತ್ತುತ್ತಾರೆ. ಗಿಟಾರು ಬಂದಮೇಲೂ ಈ ಚಪ್ಪಾಳೆ, ಈ ಸೊಲ್ಲು ಹಾಗೇ ಉಳಿದಿವೆ. ನೈಜರ್ ದೇಶದ ಇಲ್ಲಿಗದಾದ್ ಹಳ್ಳಿಯ ಹೆಂಗಸರ ತಂಡದಲ್ಲಿ ತೆಂದೆ, ಗಿಟಾರು ಎರಡೂ ಸಿಗುತ್ತವೆ. ಅದರ ಫಾತೂ ಸೈದಿ ಘಾಲಿ ಅಣ್ಣನ ಗಿಟಾರು ಹಿಡಿದು ತಾನೇ ಕಲಿತವಳು. ಅಲ್ಲಿ ಗಿಟಾರು ಗಂಡಸರ ಪಾಲು, ಇಮ್ಜಾದ್ ಎಂಬ ಒಂಟಿ ತಂತಿಯ ವಾದ್ಯ ಮಾತ್ರ ಹೆಂಗಸರದ್ದು!

ತಾಳದಲ್ಲಿ ನೀನು ತಪ್ಪುವ ಜಾಗವೂ ಈ ಚಪ್ಪಾಳೆಯೇ. ಅನೇಕ ಹಾಡುಗಳ ಆರು ಎಣಿಕೆಯನ್ನು 'ತಕಿಟ ತಕಿಟ' ಎಂದೂ ಹಿಡಿಯಬಹುದು, 'ತಕ ತಕ ತಕ' ಎಂದೂ ಹಿಡಿಯಬಹುದು. ಕಾಲಲ್ಲಿ ಎರಡು, ಕೈಯಲ್ಲಿ ಮೂರು ಹಾಕು. ಎರಡೂ ಒಟ್ಟಿಗೆ ನಿಂತರೆ ಹಾಡು ಬಿಡಿಸಿಕೊಳ್ಳುತ್ತದೆ.

ಈಗ ನಿನ್ನ ಗಿಟಾರು. ಸಾಮಾನ್ಯ ಟ್ಯೂನಿಂಗ್ ಸಾಕು. ಆರನೇ ತಂತಿಯೇ, ಆ ದಪ್ಪದ್ದೇ, ಷಡ್ಜ. ಆರು, ಎರಡು, ಒಂದನೇ ತಂತಿಗಳಲ್ಲಿ ಬಿಟ್ಟ ತಂತಿ (ಬೆರಳು ಒತ್ತದೆ) ಮತ್ತು ಮೂರನೇ ಫ್ರೆಟ್ (ಕತ್ತಿನ ಮೇಲಿನ ಕಂಬಿಯ ಮನೆ). ಉಳಿದ ಮೂರರಲ್ಲಿ ಬಿಟ್ಟ ತಂತಿ ಮತ್ತು ಎರಡನೇ ಫ್ರೆಟ್. ಹಾಡಿ ನೋಡು, ನಮ್ಮ ಶುದ್ಧ ಧನ್ಯಾಸಿಯ ಸ ಗ ಮ ಪ ನಿ. ಗಮಕ ಮಾತ್ರ ತರಬೇಡ. ಬಿಟ್ಟ ತಂತಿ ಮೀಟಿ, ನಾದ ಆರುವ ಮೊದಲೇ ಫ್ರೆಟ್ಟಿನ ಮೇಲೆ ಬೆರಳು ಬಡಿ. ಹಾಗೇ ಕಿತ್ತು ಹಿಂದಕ್ಕೆ ಬಾ. ಲಯ ಹೇಳುವ ಮೆಟ್ರೋನೋಮನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು ಎರಡು ನಿಮಿಷ ಬರೀ ಹೆಬ್ಬೆರಳು. ಆಮೇಲೆ ತೋರುಬೆರಳಿನಿಂದ ರಾಗ.

ಕೆಡುವುದು ಎರಡು ಕಡೆ. ರಾಗ ಸಿಕ್ಕಲಾದಾಗ ಹೆಬ್ಬೆರಳೂ ಅದರ ಹಿಂದೆ ಓಡುತ್ತದೆ. ಆಗ ರಾಗದ ಸ್ವರ ಬಿಟ್ಟರೂ ಸರಿ, ಷಡ್ಜ ಬಿಡಬೇಡ. ಬಡಿದ ಸ್ವರ ಮೊಂಡಾದರೆ ಬೆರಳು ಫ್ರೆಟ್ಟಿನ ಕಂಬಿಯಿಂದ ದೂರ ಬೀಳುತ್ತಿದೆ ಎಂದರ್ಥ. ಕಂಬಿಗೆ ತಾಗಿದಂತೆ, ಅದರ ಹಿಂದೆಯೇ ಬಡಿ.

ಮುಂದಕ್ಕೆ ಗಿಟಾರು ವಾದಕ ಅಲಿ ಫರ್ಕಾ ತೂರೆಯವರ 1994ರ ಆಲ್ಬಮ್ 'ಟಾಕಿಂಗ್ ಟಿಂಬಕ್ಟು' ಕೇಳು. ಅವರು ತುವಾರೆಗರಲ್ಲ, ಮಾಲಿಯ ನೈಜರ್ ನದಿ ದಂಡೆಯ ನಿಯಾಫುಂಕೆಯವರು. ಅವರ ನಡೆಯೇ ನಿಧಾನ. ಆಮೇಲೆ ತಿನಾರಿವೆನ್‌ನ 2001ರ ಆಲ್ಬಮ್, ಉತ್ತರ ಮಾಲಿಯ ಕಿದಾಲ್ ಊರಿನ ರೇಡಿಯೋ ಕೇಂದ್ರದಲ್ಲಿ ಮುದ್ರಿಸಿದ್ದು. ಆ ತಂಡ ಕಟ್ಟಿದ ಇಬ್ರಾಹಿಂ ಅಗ್ ಅಲ್ಹಬೀಬ್ ಹುಡುಗನಾಗಿದ್ದಾಗ ತಗಡಿನ ಡಬ್ಬ, ಕೋಲು, ಸೈಕಲ್ ಬ್ರೇಕಿನ ತಂತಿಯಲ್ಲಿ ಗಿಟಾರು ಮಾಡಿಕೊಂಡವರು. ಅವರ ತಂದೆಯನ್ನು ಮಾಲಿಯಲ್ಲಿ ತುವಾರೆಗರು ಎದ್ದ 1963ರ ದಂಗೆಯ ಹೊತ್ತಿಗೆ ಕೊಂದರು. ಆಲ್ಜೀರಿಯಾ, ಲಿಬಿಯಾಗಳಲ್ಲಿ ನಿರಾಶ್ರಿತರಾಗಿದ್ದಾಗ ಕಟ್ಟಿದ ಹಾಡುಗಳು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗಿ ಮರುಭೂಮಿಯೆಲ್ಲ ಸುತ್ತಿದವು. 2012ರಲ್ಲಿ ಉಗ್ರರು ಉತ್ತರ ಮಾಲಿಯಲ್ಲಿ ಸಂಗೀತವನ್ನೇ ನಿಷೇಧಿಸಿದರು. ಇಷ್ಟು ತಿಳಿದಿದ್ದರೆ ಆ ಗುಂಪಿನ ದನಿಯನ್ನು ಬರೀ ಹಿನ್ನೆಲೆ ಎಂದುಕೊಳ್ಳುವುದಿಲ್ಲ.

ನೈಜರ್ ದೇಶದ ಎಡಚ ಗಿಟಾರು ವಾದಕ ಮ್ದೂ ಮೊಕ್ತಾರ್‌ನನ್ನು ಕೊನೆಗೆ ಇಟ್ಟುಕೋ. ಆ ಎಡಗೈ ವೇಗಕ್ಕೆ ಮರುಳಾಗಿ ಈಗಲೇ ನಾದವನ್ನು ಒಡಕಾಗಿಸುವ ಡಿಸ್ಟಾರ್ಷನ್ ಪೆಡಲ್ ಕೊಂಡರೆ, ಬಡಿದ ಸ್ವರ, ಕಿತ್ತ ಸ್ವರ ಎಲ್ಲ ಒಂದೇ ಮುದ್ದೆ. ಆ ದುಡ್ಡಿಗೆ ಹೊಸ ತಂತಿ ತಗೋ, ದಪ್ಪದ ಲೆಕ್ಕದಲ್ಲಿ 11ರ ಸೆಟ್. ಈಗಿರುವ 12ಕ್ಕಿಂತ ಬೆರಳಿಗೆ ಹಗುರ.

ಇಂತಿ,
ನಿನ್ನ ಅಮ್ಮ